ಮಹಾವೀರಾಚಾರ್ಯನ ಸಂಖ್ಯಾಮಾಲೆ

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವವರು ನಡುವೆ ದೇಸೂರು, ಇದ್ದಲಹೊಂಡ ಎಂಬ ನಿಲ್ದಾಣಗಳನ್ನು ದಾಟುತ್ತಾರೆ. ಬೆಳಗಾವಿಗೆ ೧, ದೇಸೂರಿಗೆ ೨, ಇದ್ದಲಹೊಂಡಕ್ಕೆ ೩, ಖಾನಾಪುರಕ್ಕೆ ೪ ಎಂದು ಅಂಕವಿಟ್ಟು, ಹೋಗಿಬರುವ ದಾರಿಯನ್ನು ಒಂದೇ ಸಾಲಿನಲ್ಲಿ ಬರೆದರೆ ೧೨೩೪೩೨೧ ಎಂದಾಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಅಷ್ಟೇ ಅಲ್ಲ, ಅದು ೧೧೧೧ರ ವರ್ಗವೂ ಹೌದು. ಇದು ಕೇವಲ ಆಕಸ್ಮಿಕವೆ?

ಈ ಜಾತಿಯ ಇನ್ನೂ ದೊಡ್ಡದೊಂದು ಸಂಖ್ಯೆಯನ್ನು ರಾಷ್ಟ್ರಕೂಟರ ಕಾಲದ ಗಣಿತಜ್ಞನು ನಮಗೆ ಕೊಟ್ಟಿದ್ದಾನೆ. ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದರ ಪ್ರಕಾರ ೨೭೯೯೪೬೮೧ನ್ನು ೪೪೧ರಿಂದ ಗುಣಿಸಬೇಕು. ಗುಣಲಬ್ಧವು ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಹಾಗೆಯೇ ಇಳಿದುಬರುವ ಈ ಸಂಖ್ಯೆ ಮಣಿಗಳನ್ನು ಪೋಣಿಸಿದ ಹಾರದಂತಿದೆ.

ಇದರ ಗುಟ್ಟನ್ನು ವಿಚಾರಿಸೋಣ. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಇವೆರಡರ ಮೂಲಗಳನ್ನು, ಎಂದರೆ ೨೧ನ್ನೂ ೫೨೯೧ನ್ನೂ ಗುಣಿಸಿದರೆ ೧೧೧೧೧೧ ಬರುತ್ತದೆ. ಆದುದರಿಂದ ನಮ್ಮ ಹಾರವು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ.

ವರ್ಗ ಮಾಡುವಾಗ ೧೧೧೧೧೧ನ್ನು ಆರು ಸಾಲುಗಳಲ್ಲಿ, ಪ್ರತಿ ಸಾಲನ್ನೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವಷ್ಟೆ. ಬಲತುದಿಯ ಸ್ಥಾನದಲ್ಲಿ ಒಂದೇ ೧ ಇರುತ್ತದೆ. ಅದರ ಎಡಕ್ಕೆ ಎರಡು, ಬಳಿಕ ಮೂರು, ಹೀಗೆ ನಡುವೆ ಆರು. ಅಲ್ಲಿಂದಾಚೆಗೆ ಒಂದೊಂದಾಗಿ ಕಡಮೆಯಾಗುತ್ತವೆ. ಸಾಲಿಗೆ ಆರರಂತೆ ಒಟ್ಟು ಒಂದುಗಳು ೩೬; ಹಾರದ ಅಂಕಗಳನ್ನು ಕೂಡಿದರೂ ೩೬ೇ ದೊರೆಯುತ್ತದೆ.

ಮತ್ತೊಂದು ಸೊಗಸುಂಟು. ೧೧೧೧೧೧ರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಇವುಗಳಲ್ಲಿ ೧೧ನ್ನು ಮಾತ್ರ ಬೇರ್ಪಡಿಸಿದರೆ ಉಳಿದವುಗಳ ಗುಣಲಬ್ಧ ೧೦೧೦೧. ಎರಡನ್ನೂ ವರ್ಗ ಮಾಡಿದರೆ ೧೨೧, ೧೦೨೦೩೦೨೦೧. ಇವೂ ಹಾರಗಳೇ, ಇವುಗಳ ಗುಣಲಬ್ಧವೇ ನಮ್ಮ ದೊಡ್ಡ ಹಾರ.

ಹಾಗಾದರೆ ಒಂದುಗಳನ್ನು ಎಷ್ಟು ಹೆಚ್ಚಿಸಿದರೂ ಈ ಚೆಲುವು ಉಳಿಯುವುದೆ? ಒಂಬತ್ತು ಒಂದುಗಳ ವರ್ಗ ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳ ವರ್ಗವಾದರೋ ೧೨೩೪೫೬೭೯೦೦೯೮೭೬೫೪೩೨೧. ಇಲ್ಲಿ ಹಾರ ಹರಿಯಿತು. ನಡುವಿನ ಸ್ಥಾನದಲ್ಲಿ ಮೊತ್ತ ಹತ್ತಾದುದರಿಂದ ದಶಕವನ್ನು ಎಡಕ್ಕೆ ಒಯ್ಯಬೇಕಾಯಿತು.

ಕಾರಣವನ್ನರಿಯದೆ ಬೆರಗಾದವನು ಈ ಹತ್ತನೆಯ ಒಂದರಲ್ಲಿ ಮೋಸಹೋಗುತ್ತಾನೆ. ಅರಿತವನು ಹಾರ ಎಲ್ಲಿ ಹರಿಯುವುದೆಂಬುದನ್ನು ಮೊದಲೇ ಹೇಳಬಲ್ಲನು. ಖಾನಾಪುರದ ದಾರಿಯಲ್ಲಿ ನಿಲ್ದಾಣಗಳು ನಾಲ್ಕೇ ಆದುದರಿಂದ ನಮ್ಮ ಪ್ರಯಾಣದ ಹಾರಕ್ಕೆ ಭಯವಿಲ್ಲ. ಕಾಗದ, ಪೆನ್ಸಿಲು ಕೈಯಲ್ಲಿದ್ದರೆ ರೈಲು ಅಲ್ಲಿಗೆ ತಲಪುವ ಮೊದಲೇ ಇದೆಲ್ಲವನ್ನೂ ಪರೀಕ್ಷಿಸಿ ನೋಡಬಹುದು.