ಕೂದಲೆಳೆ ಎಂಬ ಅಡಿಕೆ ಮರ

‘ಕೂದಲೆಳೆಯ ಅಂತರದಲ್ಲಿ ಪಾರಾದೆ’ ಎನ್ನುತ್ತೇವೆ. ಅದಕ್ಕಿಂತ ಸಣ್ಣ ಅಳತೆ ನಮ್ಮ ಆಡುಮಾತಿನಲ್ಲಿ ಸುಲಭಕ್ಕೆ ಸಿಗದು. ಎಳ್ಳು, ಸಾಸಿವೆಗಳೆಲ್ಲ ಅದರ ಮುಂದೆ ಗುಂಡುಕಲ್ಲುಗಳು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಮುನ್ನೂರು ರೂಪಾಯಿ ಕೊಟ್ಟು ತಂದ ಹಳೆಯ ಕ್ಷೌರದ ಕತ್ತಿಯೊಂದನ್ನು ಮನೆಯ ನಲ್ಲಿಯ ಪಕ್ಕ ಕೂತು ಮಸೆಯಲು ಕಲಿತ ಮೇಲೆ ಆ ಮಾತನ್ನು ಮೊದಲಿನ ಧೈರ್ಯದಿಂದ ಬಳಸಲು ನನಗಾಗುತ್ತಿಲ್ಲ. ಕತ್ತಿಯ ಲೋಕದಲ್ಲಿ ಕೂದಲೆಳೆಯೆಂದರೆ ಮರದ ದಿಮ್ಮಿ.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರಾನ್. ಗಡ್ಡದ ಕೂದಲಿನ ದಪ್ಪ ಸುಮಾರು 100 ಮೈಕ್ರಾನ್. ಚೆನ್ನಾಗಿ ಮಸೆದ ಕತ್ತಿಯ ಅಂಚು ಅರ್ಧ ಮೈಕ್ರಾನ್; ಕೈ ಪಳಗಿದವರದ್ದು ಅದಕ್ಕೂ ಕಡಿಮೆ. ಕಬ್ಬಿಣದ ಪರಮಾಣುಗಳನ್ನು ಪಕ್ಕಪಕ್ಕ ಸಾಲಾಗಿ ನಿಲ್ಲಿಸುತ್ತ ಹೋದರೆ ಎರಡು ಸಾವಿರಕ್ಕೆ ಅಂಚು ಭರ್ತಿಯಾಗುತ್ತದೆ. ಒಂದು ಮದುವೆಯೂಟಕ್ಕೆ ಬರುವಷ್ಟು ಮಂದಿ.

ಇಂಥ ಅಂಕಿಗಳು ಓದಿದ ಕೂಡಲೇ ಕೈಜಾರುತ್ತವೆ. ಆದ್ದರಿಂದ ಎಲ್ಲವನ್ನೂ ಎರಡು ಸಾವಿರ ಪಟ್ಟು ಹಿಗ್ಗಿಸೋಣ. ಆಗ ಕತ್ತಿಯ ಅಂಚಿನ ದಪ್ಪ ಒಂದು ಮಿಲಿಮೀಟರ್, ಗಸಗಸೆ ಕಾಳಿನಷ್ಟು. ಬೆನ್ನಿನಿಂದ ಅಂಚಿನವರೆಗೆ 19 ಮಿ.ಮೀ. ಇರುವ ಅಲಗು 38 ಮೀಟರಿನ ಗೋಡೆಯಾಗುತ್ತದೆ, ಹನ್ನೆರಡು ಮಹಡಿಯ ಕಟ್ಟಡದಷ್ಟು. ಉದ್ದ 150 ಮೀಟರ್. ಕತ್ತಿಯ ಬೆನ್ನಿನ ಮೇಲೆ ಎರಡು ಲಾರಿ ಅಕ್ಕಪಕ್ಕ ಆರಾಮಾಗಿ ಹೋಗಬಹುದು; ಅದೇ ಗೋಡೆ ಕೆಳಗಿಳಿಯುತ್ತ ಸವೆದು ಸವೆದು ಗಸಗಸೆಯಲ್ಲಿ ಮುಗಿಯುತ್ತದೆ. ಕತ್ತಿ ಹಿಡಿದು ನಿಂತ ನಾನು 3,400 ಮೀಟರ್. ಮುಳ್ಳಯ್ಯನಗಿರಿ ನನ್ನ ಸೊಂಟಕ್ಕಿಂತ ತುಸು ಮೇಲೆ ಬರುತ್ತದೆ.

ಇನ್ನು ಗಡ್ಡ. ಒಂದೊಂದು ಕೂದಲೂ 20 ಸೆಂ.ಮೀ. ದಪ್ಪ, ಚೆನ್ನಾಗಿ ಬಲಿತ ಅಡಿಕೆ ಮರ. ನನ್ನ ಗಡ್ಡದ ಜಾಗವನ್ನು ಟೇಪು ಹಿಡಿದು ಅಂದಾಜು ಮಾಡಿದರೆ 250 ಚದರ ಸೆಂ.ಮೀ. ಬಂತು. ಹಿಗ್ಗಿದ ಲೆಕ್ಕದಲ್ಲಿ ಅದು ಸುಮಾರು 25 ಎಕರೆ. ಕೂದಲು ಹತ್ತು ಸಾವಿರ ಎಂದು ಕೈ ಬಿಗಿಹಿಡಿದು ಎಣಿಸಿದರೂ ಎಕರೆಗೆ ನಾನ್ನೂರು ಮರ. ತೋಟದಲ್ಲಿ ಒಂಬತ್ತು ಅಡಿಗೊಂದರಂತೆ ಅಡಿಕೆ ಸಸಿ ಇಟ್ಟರೆ ಎಕರೆಗೆ ಸುಮಾರು ಐನೂರ ನಲವತ್ತು ಹಿಡಿಸುತ್ತವೆ. ಅಂದರೆ ನನ್ನ ಮುಖ ತುಸು ತೆಳುವಾಗಿ ನೆಟ್ಟ ಅಡಿಕೆ ತೋಟ. ಮಲೆನಾಡಿನವನಾಗಿ ಇದರಿಂದ ಒಳಗೊಳಗೇ ಖುಷಿಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಬೆಳಗಿನ ಕಾಫಿಗೆ ಮುಂಚೆ ಹತ್ತು ಸಾವಿರ ಮರಗಳನ್ನು ಬುಡದಲ್ಲೇ ಕಡಿಯಬೇಕು, ನೆಲದ ಮಣ್ಣು ಮಾತ್ರ ಕೆದರಬಾರದು.

ಆ ಗಸಗಸೆಯಂಚು ಹುಟ್ಟುವುದು ಸಾಣೆಕಲ್ಲಿನ ಮೇಲೆ. ಜಪಾನಿನ ಶಾಪ್ಟನ್ ಕಂಪನಿ ತನ್ನ ಕಲ್ಲುಗಳ ನಂಬರಿನ ಜೊತೆಗೆ ಕಣದ ಗಾತ್ರವನ್ನೂ ಹೇಳುತ್ತದೆ. 1000 ನಂಬರಿನದಕ್ಕೆ 14.7 ಮೈಕ್ರಾನ್, 4000ಕ್ಕೆ 3.68, 8000ಕ್ಕೆ 1.84, 16000ಕ್ಕೆ 0.92, 30000ಕ್ಕೆ 0.49. ನಮ್ಮ ಹಿಗ್ಗಿದ ಲೋಕದಲ್ಲಿ ಇವು ದಿನಸಿ ಅಂಗಡಿಯ ಸಾಲಾಗುತ್ತವೆ: ಮೊದಲನೆಯದು ನೆಲ್ಲಿಕಾಯಿ, ಆಮೇಲೆ ಕಡಲೆ, ಕೊತ್ತಂಬರಿ ಬೀಜ, ಸಾಸಿವೆ, ಕೊನೆಗೆ ಗಸಗಸೆ. ಹನ್ನೆರಡು ಮಹಡಿಯ ಗೋಡೆಯನ್ನು ನೆಲ್ಲಿಕಾಯಿಯ ಹಾಸಿನ ಮೇಲೆ ಉಜ್ಜಿ, ಆ ಗೀರುಗಳನ್ನು ಕಡಲೆಯಿಂದ ಅಳಿಸಿ, ಕಡಲೆಯ ಗೀರನ್ನು ಕೊತ್ತಂಬರಿಯಿಂದ ಅಳಿಸುತ್ತ ಇಳಿಯುವುದೇ ಮಸೆತ. ನಾನು 16000ಕ್ಕೆ ನಿಂತೆ. ಅಷ್ಟರಲ್ಲೇ ಕಲ್ಲುಗಳಿಗೆ ಕತ್ತಿಯ ಬೆಲೆಯ ಮೂವತ್ತು ಪಟ್ಟು ಖರ್ಚಾಗಿತ್ತು. ಈ ಗುಣಾಕಾರವನ್ನು ಮನೆಯಲ್ಲಿ ಇನ್ನೂ ಯಾರಿಗೂ ತೋರಿಸಿಲ್ಲ.

ಕೋನದ ಚಿಂತೆ ಬೇಡ. ಅದನ್ನು ಕತ್ತಿ ಮಾಡಿದವರೇ ಬೆನ್ನಿನ ದಪ್ಪದೊಳಗೆ ಇಟ್ಟು ಕಳಿಸಿರುತ್ತಾರೆ. ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗಿದಂತೆ ಮಲಗಿಸಿದರೆ ಎರಡು ಮಗ್ಗುಲೂ ಸೇರಿ ತಾನಾಗಿ 16-17 ಡಿಗ್ರಿ ಬರುತ್ತದೆ. ಅಂಚು ಮುಂದಾಗಿ ತಳ್ಳು, ಬೆನ್ನಿನ ಮೇಲೆ ಮಗುಚು, ಅಂಚು ಮುಂದಾಗಿ ಎಳೆ. ಹೇಳಲು ಇಷ್ಟೇ. ಮೊದಲ ದಿನ ಮೂರು ತಾಸು ಉಜ್ಜಿದರೂ ಕತ್ತಿ ಕೂದಲನ್ನು ಕೊಯ್ಯಲಿಲ್ಲ, ಬಗ್ಗಿಸಿ ಮುಂದೆ ಹೋಯಿತು. ನಮ್ಮ ಬೀದಿಯ ಕ್ಷೌರದಂಗಡಿಯ ಹಿರಿಯರಿಗೆ ತೋರಿಸಿದೆ. ಅವರೂ ಈಗ ಬಳಸುವುದು ಅರ್ಧ ಬ್ಲೇಡ್ ಮುರಿದು ಸಿಕ್ಕಿಸುವ ಕತ್ತಿಯನ್ನೇ. ಆದರೆ ಕೈ ಮರೆತಿರಲಿಲ್ಲ. ನಾಲ್ಕು ಸಲ ನೀರಿನಲ್ಲಿ ತೇಲಿಸಿದಂತೆ ಕಲ್ಲಿನ ಮೇಲೆ ಆಡಿಸಿ, “ಒತ್ತಬೇಡಿ ಸಾರ್, ಕತ್ತಿ ಭಾರ ಕತ್ತೀಗೇ ಸಾಕು” ಅಂದರು.

ಅವರು ಹೇಳಿದ್ದರಲ್ಲಿ ಎಷ್ಟು ಭೌತವಿಜ್ಞಾನ ಇತ್ತು ಎಂಬುದು ಮನೆಗೆ ಬಂದು ಲೆಕ್ಕ ಹಾಕಿದಾಗ ತಿಳಿಯಿತು. ಅರ್ಧ ಮೈಕ್ರಾನಿನ ಅಂಚು 100 ಮೈಕ್ರಾನಿನ ಕೂದಲಿಗೆ ಅಡ್ಡ ಕೂತಾಗ ತಾಗುವ ಜಾಗ 50 ಚದರ ಮೈಕ್ರಾನ್ ಮಾತ್ರ. ಅಷ್ಟರ ಮೇಲೆ ಒಂದೇ ಒಂದು ಗ್ರಾಂ ಭಾರ ಬಿದ್ದರೆ, ಒತ್ತಡ ನಮ್ಮ ವಾತಾವರಣದ್ದಕ್ಕಿಂತ 1,900 ಪಟ್ಟು ಮೀರುತ್ತದೆ. ಸಾಗರದ ಅತಿ ಆಳದ ಜಾಗ ಮರಿಯಾನಾ ಕಮರಿ. ಅದರ ತಳದಲ್ಲಿ ಹನ್ನೊಂದು ಕಿಲೋಮೀಟರ್ ನೀರು ಹೇರುವ ಒತ್ತಡ ಸುಮಾರು 1,100 ಪಟ್ಟು. ಇದು ಒಂದು ಗ್ರಾಮಿನ ಲೆಕ್ಕ, ಕತ್ತಿಯೋ ಅರವತ್ತು ಎಪ್ಪತ್ತು ಗ್ರಾಂ ತೂಗುತ್ತದೆ. ಅದರ ಮೇಲೆ ನಾನು ಹೆಬ್ಬೆರಳೂರಿ ಒತ್ತುತ್ತಿದ್ದೆ! ಅಂಚು ಮುರಿಯದೆ ಇನ್ನೇನಾದೀತು?

ಹರಿತವಾಯಿತೇ ಎಂದು ನೋಡುವ ಪರೀಕ್ಷೆ ಇನ್ನೂ ವಿಚಿತ್ರ. ದೀಪದ ಕೆಳಗೆ ಅಂಚನ್ನು ಮೇಲ್ಮುಖವಾಗಿ ಹಿಡಿಯಬೇಕು. ಬೆಳ್ಳನೆಯ ಗೆರೆಯೋ ಚುಕ್ಕಿಯೋ ಮಿನುಗಿದರೆ ಅಲ್ಲಿ ಮೊಂಡು. ಏನೂ ಕಾಣದಿದ್ದರೆ ಸರಿಯಾಗಿದೆ. ಕಣ್ಣಿಗೆ ಬೀಳುವ ಬೆಳಕಿನ ಅಲೆಯ ಉದ್ದವೇ 0.4ರಿಂದ 0.7 ಮೈಕ್ರಾನ್. ಅರ್ಧ ಮೈಕ್ರಾನಿನ ಅಂಚು ಬೆಳಕಿನ ಒಂದು ಅಲೆಯಷ್ಟೇ. ಅದರ ಅರ್ಧಕ್ಕಿಂತ ಕೆಳಗಿಳಿದರೆ ಸಾಮಾನ್ಯ ಸೂಕ್ಷ್ಮದರ್ಶಕವೂ ಅದನ್ನು ಬಿಡಿಸಿ ತೋರಿಸಲಾರದು. ಒದ್ದೆ ಕಲ್ಲು, ಬರಿಗೈ, ಹಿತ್ತಲ ನಲ್ಲಿ – ಇಷ್ಟರಿಂದ ಮನುಷ್ಯ ಬೆಳಕಿಗೂ ನಿಲುಕದ ತೆಳುವನ್ನು ಮುಟ್ಟುತ್ತಾನೆ, ಮುಟ್ಟಿದ್ದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಕಿವಿಗೆ: ಕಲ್ಲಿನ ಕರಕರ ಹೋಗಿ ಗಾಜಿನ ಮೇಲೆ ಒದ್ದೆ ರೇಷ್ಮೆ ಸರಿದ ಸದ್ದು ಬರುತ್ತದೆ.

ಇಷ್ಟು ಮಾಡಿದ ಅಂಚನ್ನು ಕೆಡಿಸುವುದು ಕೂದಲೇ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಗುಟ್ಟು ಬಿಡಿಸಿದರು. ಬ್ಲೇಡಿನ ಉಕ್ಕು ಕೂದಲಿಗಿಂತ 50 ಪಟ್ಟು ಗಟ್ಟಿ. ಆದರೂ ಅಂಚಿನ ಚಕ್ಕೆ ಹಾರುತ್ತದೆ. ತಂಡದ ಜಾನ್‌ಲುಕಾ ರೊಸ್ಚಿಯೋಲಿ ತಾವೇ ಗಡ್ಡ ಹೆರೆದುಕೊಂಡು ಆ ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರಂತೆ. ಉಕ್ಕು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಕೂದಲು ಬಾಗಿ ಓರೆಯಾಗಿ ಒತ್ತಿದಾಗ, ಉಕ್ಕಿನ ಬಿರುಸು ಭಾಗ ಮೆದು ಭಾಗಕ್ಕೆ ಸೇರುವ ಗಡಿಯಲ್ಲಿ ಬಲ ಗುಡ್ಡೆಯಾಗಿ ಅಲ್ಲಿಂದ ಸೀಳುತ್ತದೆ.

ಉಕ್ಕಿನ ಒಳಗನ್ನು ತಿದ್ದುವ ಹಂಬಲ ಹಳೆಯದು, ಅದರಲ್ಲಿ ನಮ್ಮ ಪಾಲೂ ಇದೆ. 1794ರಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಲಂಡನ್ನಿನ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ಗೆ ದಕ್ಷಿಣ ಭಾರತದ ಮೂಸೆ ಉಕ್ಕಿನ ಗಟ್ಟಿಗಳನ್ನು ಕಳಿಸಿದ. ತಲಾ ಎರಡು ಪೌಂಡು ಚಿಲ್ಲರೆ ತೂಗುತ್ತಿದ್ದ ಆ ಬಿಲ್ಲೆಗಳ ಹೆಸರು ಇಂಗ್ಲಿಷಿನಲ್ಲಿ ‘ವೂಟ್ಜ್’ ಎಂದಾಯಿತು. ಅದು ಕನ್ನಡದ ‘ಉಕ್ಕು’ ಪದದ ಅಪಭ್ರಂಶವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಆ ಉಕ್ಕಿಗೆ ಮನಸೋತ. ಅವನ ಜೊತೆಗೂಡಿ ಅದರ ಗುಟ್ಟು ಹುಡುಕಿದ್ದು ಮೈಕೆಲ್ ಫ್ಯಾರಡೆ, ಕಮ್ಮಾರನ ಮಗ. ಪ್ಲಾಟಿನಂ, ರೋಡಿಯಂ, ಬೆಳ್ಳಿ ಬೆರೆಸಿ ನೋಡಿದರು. ಐನೂರು ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸಾಕೆಂದು ಕಂಡುಕೊಂಡರು. ಫ್ಯಾರಡೆ ತನ್ನ ಮಿಶ್ರ ಉಕ್ಕಿನ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆಯಾಗಿ ಕೊಡುತ್ತಿದ್ದ. ವಿದ್ಯುತ್ತಿನಲ್ಲಿ ಹೆಸರು ಮಾಡುವ ಮುಂಚಿನ ಕಥೆ ಇದು.

ಆಮೇಲೆ ಬಂದದ್ದು ಜಿಲೆಟ್. 1903ರಲ್ಲಿ ಆ ಕಂಪನಿ ಮಾರಿದ್ದು 51 ರೇಜರ್, 168 ಬ್ಲೇಡ್. ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಅಮೆರಿಕದ ಸೈನ್ಯಕ್ಕೇ 35 ಲಕ್ಷ ರೇಜರ್, 3 ಕೋಟಿ 20 ಲಕ್ಷ ಬ್ಲೇಡ್. ಮಸೆಯುವ ಕೆಲಸ ಮನೆಗಳಿಂದ ಕಾರ್ಖಾನೆಗೆ ಹೋಯಿತು.

ನನ್ನ ಮನೆಗೆ ಅದು ವಾಪಸು ಬಂದಿದೆ, ತನ್ನ ದಿನಗೆಲಸದ ಸಮೇತ. ಕಲ್ಲು ಬೇಕಾಗುವುದು ಕೆಲವು ತಿಂಗಳಿಗೊಮ್ಮೆ. ಅಂಚನ್ನು ಎಳೆದು ನಯಗೊಳಿಸುವ ಚರ್ಮದ ಪಟ್ಟಿ ಮಾತ್ರ ಪ್ರತಿ ಬೆಳಗ್ಗೆ. ಇಲ್ಲಿ ಬೆನ್ನು ಮುಂದೆ, ಅಂಚು ಹಿಂದೆ. ಒಮ್ಮೆ ಮರೆತು ಉಲ್ಟಾ ಎಳೆದು ಹೊಸ ಪಟ್ಟಿಯನ್ನು ಬಾಳೆಲೆಯಂತೆ ಸೀಳಿದ್ದೇನೆ. ನಲವತ್ತು ಸೆಂ.ಮೀ. ಪಟ್ಟಿಯ ಮೇಲೆ ಅರವತ್ತು ಸಲ ಎಳೆದರೆ 24 ಮೀಟರ್, ವರ್ಷಕ್ಕೆ ಹತ್ತಿರ ಹತ್ತಿರ ಒಂಬತ್ತು ಕಿಲೋಮೀಟರ್. ಮಳೆಗಾಲದಲ್ಲಿ ಇದೆಲ್ಲಕ್ಕಿಂತ ತುಕ್ಕಿನ ಕಾಟ ದೊಡ್ಡದು. ಕಣ್ಣಿಗೆ ಕಾಣದ ಅಂಚನ್ನು ಕಣ್ಣಿಗೆ ಕಾಣದ ತುಕ್ಕು ತಿಂದುಬಿಡುತ್ತದೆ. ಹಾಗಾಗಿ ಕ್ಷೌರ ಮುಗಿದೊಡನೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಪೆಟ್ಟಿಗೆಗೆ ಹಾಕುತ್ತೇನೆ.

ಇದಕ್ಕೆಲ್ಲ ಎರಡು ನಿಮಿಷ ಹಿಡಿಯುತ್ತದೆ. ಗಡ್ಡ ದಿನಕ್ಕೆ ಬೆಳೆಯುವುದು ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು, ಅಂದರೆ ಸೆಕೆಂಡಿಗೆ ನಾಲ್ಕು ನ್ಯಾನೋಮೀಟರ್. ಪೆಟ್ಟಿಗೆಯ ಮುಚ್ಚಳ ಹಾಕುವಷ್ಟರಲ್ಲಿ ತೋಟದ ಹತ್ತು ಸಾವಿರ ಮರಗಳೂ ಕತ್ತಿಯಂಚಿನ ದಪ್ಪದಷ್ಟು ಮತ್ತೆ ಚಿಗುರಿರುತ್ತವೆ.