ಹಾಲಿ ರೂಪಾಯಿ, ಕಲ್ದಾರ ರೂಪಾಯಿ: ಏಳಕ್ಕೆ ಆರರ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಭಾಗದ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಪೆಟ್ಟಿಗೆ ಇದ್ದೇ ಇರುತ್ತದೆ. ಅದರಲ್ಲಿರುವ ಅಡವು ಪತ್ರ, ಖರೀದಿ ಪತ್ರ, ಕಂದಾಯದ ರಸೀದಿಗಳನ್ನು ಬಿಚ್ಚಿ ನೋಡಿ. ರೂಪಾಯಿಯ ಅಂಕಿಯ ಪಕ್ಕದಲ್ಲಿ ‘ಹಾಲಿ’, ‘ಸಿಕ್ಕಾ ಉಸ್ಮಾನಿಯಾ’ ಅಥವಾ ‘ಕಲ್ದಾರ’ ಎಂಬ ಮಾತು ಕಾಣಬಹುದು. ಈ ಒಂದು ಮಾತನ್ನು ಗಮನಿಸದಿದ್ದರೆ ಇಡೀ ಲೆಕ್ಕ ತಪ್ಪುತ್ತದೆ.

ಎರಡು ಸರ್ಕಾರ, ಎರಡು ನಾಣ್ಯ

ಈ ಮೂರು ತಾಲ್ಲೂಕುಗಳು 1948ರವರೆಗೆ ಹೈದರಾಬಾದಿನ ನಿಜಾಮರ ಆಡಳಿತದಲ್ಲಿದ್ದವು. ಇಲ್ಲಿ ನಡೆಯುತ್ತಿದ್ದುದು ನಿಜಾಮರ ನಾಣ್ಯ. ಪಶ್ಚಿಮಕ್ಕೆ ತಾಳಿಕೋಟಿ, ಮುದ್ದೇಬಿಹಾಳ, ಸಿಂದಗಿ ಎಲ್ಲವೂ ವಿಜಾಪುರ ಜಿಲ್ಲೆಯವು, ಅಂದರೆ ಬ್ರಿಟಿಷರ ಮುಂಬೈ ಪ್ರಾಂತದವು. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ರೂಪಾಯಿ. ಯಂತ್ರಕ್ಕೆ ‘ಕಲ್’ ಎನ್ನುತ್ತಿದ್ದುದರಿಂದ, ಯಂತ್ರದಲ್ಲಿ ಅಚ್ಚಾದ ಆ ರೂಪಾಯಿಗೆ ‘ಕಲ್ದಾರ’ ಎಂಬ ಹೆಸರು ಬಂತು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ನಿಜಾಮರ ಸೀಮೆಯಲ್ಲೇ ಹಲವು ಟಂಕಸಾಲೆಗಳಿದ್ದವು. ಪಕ್ಕದ ನಾರಾಯಣಪೇಟೆ, ಗದ್ವಾಲಗಳ ನಾಣ್ಯಗಳೂ ಓಡಾಡುತ್ತಿದ್ದವು. ಒಂದೊಂದಕ್ಕೂ ಒಂದೊಂದು ವಟ್ಟ. ದಿವಾನ ಸಾಲಾರ್ ಜಂಗ್ ಅವರ ಕಾಲದಲ್ಲಿ ಇವನ್ನು ಹತೋಟಿಗೆ ತಂದು ಒಂದೇ ಸರ್ಕಾರಿ ನಾಣ್ಯ ನಡೆಸಲಾಯಿತು. ಅದೇ ‘ಹಾಲಿ ಸಿಕ್ಕಾ’, ಅಂದರೆ ಈಗ ನಡೆಯುವ ನಾಣ್ಯ. 1918ರಲ್ಲಿ ನಿಜಾಮ ಸರ್ಕಾರ ತನ್ನದೇ ನೋಟುಗಳನ್ನೂ ಹೊರಡಿಸಿತು. ಅವುಗಳ ಮೇಲೆ ಉರ್ದುವಿನ ಜೊತೆಗೆ ಕನ್ನಡದಲ್ಲೂ ಬೆಲೆ ಬರೆದಿತ್ತು.

ಏಳಕ್ಕೆ ಆರು ಏಕೆ?

ಕಾರಣ ಬೆಳ್ಳಿಯಲ್ಲಿದೆ. ಕಲ್ದಾರ ರೂಪಾಯಿ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ ತೂಗುತ್ತಿತ್ತು; ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಚಾರ್ಮಿನಾರ್ ಚಿತ್ರದ ಹಾಲಿ ರೂಪಾಯಿ ಸುಮಾರು 11.18 ಗ್ರಾಂ, ಅದರಲ್ಲಿ ನೂರಕ್ಕೆ 82ರಷ್ಟು ಮಾತ್ರ ಬೆಳ್ಳಿ. ಗುಣಿಸಿ ನೋಡಿ: ಒಂದರಲ್ಲಿ ಸುಮಾರು 10.7 ಗ್ರಾಂ, ಇನ್ನೊಂದರಲ್ಲಿ 9.2 ಗ್ರಾಂ ಬೆಳ್ಳಿ. ಏಳು ಹಾಲಿಯ ಬೆಳ್ಳಿ ಆರು ಕಲ್ದಾರದ ಬೆಳ್ಳಿಗೆ ಹೆಚ್ಚು ಕಡಿಮೆ ಸಮ.

ಸರ್ಕಾರಿ ದರವೂ ಇದೇ ಆಗಿತ್ತು: 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಒಂದು ಹಾಲಿ ರೂಪಾಯಿಗೆ ಕಲ್ದಾರದಲ್ಲಿ 13 ಆಣೆ 8½ ಪೈ ಬರುತ್ತಿತ್ತು.

ನಷ್ಟ ಯಾರಿಗೆ?

ಒಂದು ಲೆಕ್ಕ ನೋಡೋಣ. ಹತ್ತಿಯ ಮುಂಬೈ ಧಾರಣೆ ಕಲ್ದಾರದಲ್ಲಿ ಇರುತ್ತಿತ್ತು. ರೈತನಿಗೆ 60 ಕಲ್ದಾರ ಸಲ್ಲಬೇಕಾದಲ್ಲಿ ಕೈಗೆ 60 ಹಾಲಿ ಎಣಿಸಿದರೆ ಹತ್ತು ರೂಪಾಯಿ ಹೋಯಿತು. ಸಲ್ಲಬೇಕಾದದ್ದು 70 ಹಾಲಿ. ಸಾಲದಲ್ಲಿ ಇದೇ ತಿರುಗುಮುರುಗು: 70 ಹಾಲಿ ಪಡೆದವನು 70 ಕಲ್ದಾರ ತೀರಿಸಿದರೆ ಬಡ್ಡಿಗೂ ಮೊದಲೇ ಹತ್ತು ಕಲ್ದಾರ ಹೆಚ್ಚು ಕೊಟ್ಟಂತಾಯಿತು. ಇದರ ಮೇಲೆ ನಾಣ್ಯ ಬದಲಿಸುವವನ ವಟ್ಟ ಬೇರೆ. ‘ಯಾವ ರೂಪಾಯಿ?’ ಎಂದು ಕೇಳಬಲ್ಲವನು ಉಳಿದ, ಕೇಳಲಾರದವನು ಕೆಟ್ಟ.

ಕೊನೆಯ ದಿನಗಳು

1947ರ ನವೆಂಬರಿನಲ್ಲಿ ಭಾರತ ಸರ್ಕಾರದೊಡನೆ ಯಥಾಸ್ಥಿತಿ ಒಪ್ಪಂದವಾದ ಮೇಲೆ ನಿಜಾಮ ಸರ್ಕಾರವು ಭಾರತದ ಹಣ ತನ್ನ ರಾಜ್ಯದಲ್ಲಿ ಚಲಾವಣೆಯಾಗದೆಂದು ಸುಗ್ರೀವಾಜ್ಞೆ ಹೊರಡಿಸಿತು. ಎರಡು ಸರ್ಕಾರಗಳ ಜಗಳದಲ್ಲಿ ಇದೂ ಒಂದು ಕಾರಣವಾಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1950ರಲ್ಲಿ ಭಾರತದ ರೂಪಾಯಿ ಜೊತೆಗೆ ಚಲಾವಣೆಗೆ ಬಂತು. ದರ ಅದೇ ಏಳಕ್ಕೆ ಆರು. 1951ರಲ್ಲಿ ಹಾಲಿ ಹಣ ಹೊರಡಿಸುವುದು ನಿಂತಿತು, 1959ರಲ್ಲಿ ಪೂರ್ತಿ ರದ್ದಾಯಿತು. ಆ ನಡುವೆ 1957ರಲ್ಲಿ ನಯಾ ಪೈಸೆ ಬಂದಿತ್ತು. ಹೀಗೆ ಹತ್ತು ವರ್ಷದೊಳಗೆ ಹಳ್ಳಿಯ ರೈತ ಎರಡು ಬಾರಿ ಲೆಕ್ಕ ಹೊಸದಾಗಿ ಕಲಿಯಬೇಕಾಯಿತು.

ನೀವು ಗಮನಿಸಬೇಕಾದದ್ದು

* ಹಳೆಯ ಪತ್ರದಲ್ಲಿ ಹಾಲಿ, ಸಿಕ್ಕಾ ಉಸ್ಮಾನಿಯಾ ಅಥವಾ ಓ.ಎಸ್. ಎಂದಿದ್ದರೆ ಅಂಕಿಯನ್ನು ಆರರಿಂದ ಗುಣಿಸಿ ಏಳರಿಂದ ಭಾಗಿಸಿ. 700 ಹಾಲಿ ಎಂದರೆ 600 ರೂಪಾಯಿ. ಕಲ್ದಾರ, ಬಿ.ಜಿ. ಅಥವಾ ಐ.ಜಿ. ಎಂದಿದ್ದರೆ ಬದಲಿಸಬೇಡಿ.

* ಇಸವಿ ಫಸಲಿಯಲ್ಲಿದ್ದರೆ 590 ಕೂಡಿಸಿ. ಬಹುಮಟ್ಟಿಗೆ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947-48.

* ಉರ್ದು ಅಥವಾ ಮೋಡಿ ಬರಹದ ಪತ್ರವನ್ನು ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆಸಿ, ಮೂಲದ ಜೊತೆಗೇ ಇಡಿ. ಜಮೀನಿನ ತಕರಾರು ಇದ್ದರೆ ಮೂಲವನ್ನು ಯಾರ ಕೈಗೂ ಸುಮ್ಮನೆ ಕೊಡಬೇಡಿ.

* ಹಾಲಿ ನೋಟು ಈಗ ಯಾವ ಬ್ಯಾಂಕಿನಲ್ಲೂ ನಡೆಯದು. ಸಂಗ್ರಹಕಾರರಿಗೆ ಮಾತ್ರ ಬೇಕಾದದ್ದು. ಬೆಳ್ಳಿ ನಾಣ್ಯವನ್ನು ತೂಕ, ಒರೆ ನೋಡಿಸದೆ ಮಾರಬೇಡಿ.

ಹಾಲಿ ಹೋಯಿತು, ಕಲ್ದಾರ ಹೋಯಿತು. ಆದರೆ ಹತ್ತಿ, ತೊಗರಿ ಹೇರಿಕೊಂಡು ಪೇಟೆಗೆ ಹೋದಾಗ ಹೇಳಿದ ಧಾರಣೆ ಬೇರೆ, ಕೈಗೆ ಬಂದ ದುಡ್ಡು ಬೇರೆ ಎಂಬ ಮಾತು ಇಂದಿಗೂ ಉಂಟು. ತೂಕ ಯಾವುದು, ಕಡಿತ ಎಷ್ಟು, ಹಣ ಎಂದು ಎಂಬುದನ್ನು ಮೊದಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.