ನೆರೆಮನೆಯವರನ್ನು ಬಿಟ್ಟುಕೊಡದ ನಾಡು

ನಡುರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ. ತೆರೆದರೆ, ಕೂಸನ್ನೆತ್ತಿಕೊಂಡ ಗುರುತಿಲ್ಲದ ಹೆಂಗಸು. ಒಂದು ರಾತ್ರಿ ಇರಲು ಜಾಗ ಕೇಳುತ್ತಾಳೆ. ಒಳಗೆ ಕರೆದರೆ ನಿಮ್ಮ ಮನೆಗೇ ಆಪತ್ತು. ನೀವಾದರೆ ಏನು ಮಾಡುತ್ತಿದ್ದಿರಿ, ಹೇಳಿ?

1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಎಷ್ಟೋ ಗೃಹಿಣಿಯರ ಮುಂದೆ ಇದೇ ಪ್ರಶ್ನೆ ಬಂದು ನಿಂತಿತ್ತು.

ಹಿಟ್ಲರನ ಸೈನ್ಯ ಆ ಪುಟ್ಟ ದೇಶವನ್ನು ಹಿಡಿದದ್ದು 1940ರ ಏಪ್ರಿಲ್ 9ರಂದು. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿದುಹೋಯಿತು. ಆದರೂ ಡೇನರ ಸರ್ಕಾರ ಹೇಗೋ ಉಳಿದುಕೊಂಡಿತು. ವಯಸ್ಸಾದ ದೊರೆ ಹತ್ತನೇ ಕ್ರಿಶ್ಚಿಯನ್ ಕಾವಲಿಲ್ಲದೆ ಕುದುರೆಯೇರಿ ರಾಜಧಾನಿ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಓಡಾಡುತ್ತಿದ್ದ. ಯೆಹೂದಿಗಳ ಹಳದಿ ನಕ್ಷತ್ರವನ್ನು ಆತನೂ ಧರಿಸಿದ್ದ ಅಂತ ಒಂದು ಕಥೆ ಇದೆ. ಅದು ಬರೀ ಕಥೆ. ಡೆನ್ಮಾರ್ಕಿನಲ್ಲಿ ಆ ನಕ್ಷತ್ರ ಜಾರಿಗೇ ಬರಲಿಲ್ಲ.

1943ರ ಆಗಸ್ಟ್‌ನಲ್ಲಿ ಮುಷ್ಕರಗಳು ಹೆಚ್ಚಿದವು. ಜರ್ಮನರು ಸೈನಿಕ ಆಡಳಿತ ಹೇರಿದರು. ಯೆಹೂದಿಗಳನ್ನು ಹಿಡಿದು ಸಾಗಿಸುವ ಯೋಜನೆಯೂ ಸಿದ್ಧವಾಯಿತು. ಆದರೆ ಹಡಗು ವ್ಯವಹಾರ ನೋಡಿಕೊಳ್ಳುತ್ತಿದ್ದ ಡುಕ್‌ವಿಟ್ಸ್ ಎಂಬ ಜರ್ಮನ್ ಅಧಿಕಾರಿಯೇ ಸೆಪ್ಟೆಂಬರ್ 28ರಂದು ಡೇನ್ ಮುಖಂಡರಿಗೆ ಗುಟ್ಟು ತಿಳಿಸಿಬಿಟ್ಟ! ಮರುದಿನ ಬೆಳಿಗ್ಗೆ ಧರ್ಮಗುರು ಮಾರ್ಕಸ್ ಮೆಲ್ಕಿಯೋರ್, ಪ್ರಾರ್ಥನೆಗೆ ಬಂದವರಿಗೆ ಕೂಡಲೇ ಅಡಗಿಕೊಳ್ಳಲು ಹೇಳಿದರು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಅಕ್ಟೋಬರ್ 1ರ ರಾತ್ರಿ ಜರ್ಮನರು ಬಂದಾಗ ಬಹುಪಾಲು ಮನೆಗಳು ಖಾಲಿ.

ಎಲ್ಲಿ ಹೋದರು ಅಂತೀರಾ? ನೆರೆಮನೆಗಳಿಗೆ, ಚರ್ಚುಗಳಿಗೆ, ಆಸ್ಪತ್ರೆಗಳಿಗೆ. ಬಿಸ್ಪೆಬ್ಯರ್ಗ್ ಆಸ್ಪತ್ರೆಯಲ್ಲಿ ನರ್ಸುಗಳು ತಮ್ಮ ವಸತಿಗೃಹದಲ್ಲೇ ಜಾಗ ಕೊಟ್ಟರು. ಅಲ್ಲಿಂದ ಸಮುದ್ರ ದಾಟಿ ಸ್ವೀಡನ್ನಿಗೆ ಮೀನುದೋಣಿಗಳಲ್ಲಿ ಪಯಣ. ಅತ್ತು ಗುಟ್ಟು ರಟ್ಟಾದೀತೆಂದು ಹಸುಗೂಸುಗಳಿಗೆ ನಿದ್ದೆಮದ್ದು ಕೊಟ್ಟು ಮಲಗಿಸಿದರು. ಆ ತಾಯಂದಿರ ಹೊಟ್ಟೆಯೊಳಗಿನ ಸಂಕಟವನ್ನು ನೀವೇ ಊಹಿಸಿಕೊಳ್ಳಿ.

ಎಲ್ಲರೂ ದೇವತೆಗಳಾಗಿರಲಿಲ್ಲ ಬಿಡಿ. ಕೆಲವು ದೋಣಿಯವರು ದುಬಾರಿ ಹಣ ಕೇಳಿದರು. ಗಿಲ್ಲೆಲೈಯೆ ಊರಿನ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಮಂದಿ ಸಿಕ್ಕಿಬಿದ್ದರು. ಆದರೂ 7,000ಕ್ಕೂ ಹೆಚ್ಚು ಯೆಹೂದಿಗಳು ಪಾರಾದರು. ಸೆರೆಯಾದ 470 ಜನರನ್ನು ಟೆರೇಸಿಯೆನ್‌ಸ್ಟಾಟ್ ಶಿಬಿರಕ್ಕೆ ಒಯ್ದರು. ಡೇನರು ಅವರನ್ನೂ ಮರೆಯಲಿಲ್ಲ. ಆಹಾರದ ಪೊಟ್ಟಣಗಳನ್ನು ಕಳಿಸುತ್ತಲೇ ಇದ್ದರು. ಸುಮಾರು 50 ಮಂದಿ ಅಲ್ಲೇ ತೀರಿಕೊಂಡರು.

ಯುದ್ಧ ಮುಗಿದು ಮರಳಿದಾಗ ಕೆಲವರ ಮನೆ ಬೇರೆಯವರ ಪಾಲಾಗಿತ್ತು. ಇನ್ನು ಎಷ್ಟೋ ಮನೆಗಳನ್ನು ನೆರೆಯವರು ಜತನದಿಂದ ಕಾಪಾಡಿಟ್ಟಿದ್ದರು.

1945ರ ಮೇ 4ರ ಸಂಜೆ ಜರ್ಮನರು ಸೋತ ಸುದ್ದಿಯನ್ನು ರೇಡಿಯೋ ಸಾರಿತು. ಐದು ವರ್ಷ ದೀಪದ ಬೆಳಕು ಹೊರಬೀಳದಂತೆ ಕಟ್ಟಿದ್ದ ಕಪ್ಪು ಪರದೆಗಳನ್ನು ಜನ ಕಿತ್ತೆಸೆದು, ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟರು. ಇಂದಿಗೂ ಪ್ರತಿ ವರ್ಷ ಆ ಸಂಜೆ ಡೆನ್ಮಾರ್ಕಿನ ಅನೇಕ ಮನೆಗಳ ಕಿಟಕಿಯಲ್ಲಿ ಆ ಬೆಳಕು ಕಾಣುತ್ತದೆ. ರಾತ್ರಿ ಊಟವಾದ ಮೇಲೆ ಮಕ್ಕಳು ಕಥೆ ಕೇಳಿದರೆ, ಇದನ್ನೂ ಒಮ್ಮೆ ಹೇಳಿ ನೋಡಿ.